ಬೋಟಿನೊಳಗಿನ ಫರಾಳ

ಉಪವಾಸದ ದಿನ ಆಗುವಷ್ಟು ಹಸಿವು ಬೇರೆ ದಿನ ಯಾಕೆ ಆಗುವುದಿಲ್ಲ ಎಂಬುದನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಬೇಕು. ಮಾಮೂಲಿ ದಿನಗಳಲ್ಲಿ ಮಧ್ಯಾಹ್ನ ಹೊತ್ತು ಇಳಿದರೂ ನನಗೆ ಊಟದ ನೆನಪಿರುವುದಿಲ್ಲ. ಸೋಮವಾರ ಮಾತ್ರ ಹಲ್ಲುಜ್ಜುವಾಗಲೇ ಹೊಟ್ಟೆ ಗುರುಗುಟ್ಟಲು ಶುರು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನ್ನ ಬೆನ್ನಿಗೇ ಬಡಿದಂತಾಗುತ್ತದೆ. ಹಾಗೆಂದು ನಾನೇನು ದೊಡ್ಡ ಭಕ್ತನಲ್ಲ. ದೇವರ ಮೇಲೆ ನನಗೆ ಸಿಟ್ಟೂ ಇಲ್ಲ, ಸಲುಗೆಯೂ ಇಲ್ಲ. ಈ ಸೋಮವಾರಗಳು ನನ್ನ ಕೊರಳಿಗೆ ಬಿದ್ದದ್ದು ಹೆಂಡತಿಯ ದೆಸೆಯಿಂದ.

ಆಗ ನಮ್ಮ ಕಡೆ ಕಾಲುವೆಗೆ ಹೊಸದಾಗಿ ನೀರು ಬಂದ ಕಾಲ. ಶಹಾಪುರ, ಸುರಪುರದ ಸುತ್ತ ಜೋಳದ ಹೊಲಗಳು ಕಣ್ಣೆದುರೇ ಭತ್ತದ ಗದ್ದೆಗಳಾಗುತ್ತಿದ್ದವು. ನಾನು ಕಾಲುವೆಯ ಒಂದು ಕಚೇರಿಯಲ್ಲಿ ಹಂಗಾಮಿ ಕಾರಕೂನ. ಹಂಗಾಮಿ ಎಂದರೆ ಕೆಲಸ ಕಾಯಂ ಆದವರಷ್ಟೇ, ಬೈಗುಳ ಮಾತ್ರ ಅವರ ಎರಡರಷ್ಟು. ಯಾವ ದಿನ ‘ನಾಳೆಯಿಂದ ಬರಬೇಡ’ ಎನ್ನುತ್ತಾರೋ ಎಂದು ಅಂಜುತ್ತಲೇ ಸಂಸಾರ ಮಾಡುತ್ತಿದ್ದೆ. ಮಗಳು ಹುಟ್ಟಿದ ಮೇಲಂತೂ ಆ ಅಂಜಿಕೆಯಿಂದ ನಿದ್ದೆಯೇ ಹತ್ತುತ್ತಿರಲಿಲ್ಲ. ನನ್ನ ಹೆಂಡತಿ ಮಹಾದೇವಿ ಬಳಿಚಕ್ರದವಳು. ಅವಳ ಮಾತೂ ಆ ಊರಿನ ಮಳೆಯಂತೆಯೇ: ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲದಿದ್ದರೆ ಬರೀ ಮೋಡ. ಒಂದು ದಿನ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕಾರ ಮಾಡಿ ಬಂದವಳೇ ಹೇಳಿದಳು:

“ನಿಮ್ಮ ನೌಕರಿ ಕಾಯಂ ಆಗ್ಲೆಂತ ಬೇಡಿಕೊಂಡು ಬಂದೀನ್ರಿ. ಇನ್ನ ಮ್ಯಾಲ ಸೋಮವಾರ ಹಿಡಿಬೇಕು.”

“ಭಾಳ ಚಲೋ ಆತು. ಹಿಡಿ,” ಎಂದೆ.

“ನಾ ಯಾಕ ಹಿಡೀಲಿ? ನೌಕರಿ ಯಾರದು?”

ಹರಕೆ ಅವಳದು, ಹೊಟ್ಟೆ ನನ್ನದು. ಇಡೀ ದಿನ ರೊಟ್ಟಿಯಿಲ್ಲ, ಅನ್ನವಿಲ್ಲ, ಫರಾಳ ಮಾತ್ರ. ಉಪವಾಸದ ದಿನ ತಿನ್ನಲು ಅಡ್ಡಿಯಿಲ್ಲದ ಆಲೂಗಡ್ಡೆ, ಶೇಂಗಾ, ಬಾಳೆಹಣ್ಣು, ಸಾಬೂದಾಣಿ ಇವಕ್ಕೆಲ್ಲ ನಮ್ಮ ಕಡೆ ಫರಾಳ ಎನ್ನುತ್ತೇವೆ. ಬುಟ್ಟಿಗಟ್ಟಲೆ ಫರಾಳ ಮಾಡಿದವನೂ ಉಪವಾಸ ಇದ್ದಾನೆಂದೇ ಲೆಕ್ಕ. ಈ ಪದವನ್ನು ಕಂಡುಹಿಡಿದ ಪುಣ್ಯಾತ್ಮನೂ ಯಾರದೋ ಗಂಡನೇ ಇರಬೇಕು.

ಇನ್ನು ಬೋಟಿನ ವಿಷಯ. ಕಾಲುವೆಯೊಳಗಿನ ಜೊಂಡು ತೆಗೆಯಲು, ದಂಡೆಯ ಬಿರುಕು ನೋಡಲು ಎಂದು ನಮ್ಮ ಕಚೇರಿಯವರು ಯಾವುದೋ ಬಂದರಿನಿಂದ ಹಳೆಯ ಕಬ್ಬಿಣದ ಬೋಟೊಂದನ್ನು ಲಾರಿಯ ಮೇಲೆ ತರಿಸಿದ್ದರು. ಅದರ ನಡುವೆ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಬಾಗಿಲಿದ್ದ ಕಬ್ಬಿಣದ ಒಲೆ, ಹೊಗೆ ಹೋಗಲು ಮಾಡಿನ ಮೇಲಕ್ಕೆ ಒಂದು ಕೊಳವೆ. ಯಾವ ಚಳಿಯ ದೇಶದವರು ಮೈ ಕಾಯಿಸಿಕೊಳ್ಳಲು ಮಾಡಿಕೊಂಡಿದ್ದರೋ, ಶಹಾಪುರದ ಬಿಸಿಲಿನಲ್ಲಿ ಬೋಟೇ ಒಂದು ಒಲೆಯಾಗಿರುವಾಗ ಒಳಗೆ ಇನ್ನೊಂದು ಒಲೆ ಯಾರಿಗೆ ಬೇಕು? ಇಲಿ ಹೋಗದ ಜಾಗವೆಂದು ನಾನು ಅದರಲ್ಲಿ ಕಚೇರಿಯ ಕಾಗದಪತ್ರ ಇಟ್ಟಿದ್ದೆ. ಬೋಟು ಓಡಾಡುವುದು ಒಂದು ಗೇಟಿನಿಂದ ಮುಂದಿನ ಗೇಟಿನವರೆಗೆ ಮಾತ್ರ. ಅದರಾಚೆ ಹೋಗಲು ಅದಕ್ಕೆ ರೆಕ್ಕೆ ಬರಬೇಕು. ಕೃಷ್ಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನದ ಯಂಕಪ್ಪ ಅದನ್ನು ನಡೆಸುತ್ತಿದ್ದ. “ಇದೇನ್ ಹೊಳಿ ಅಂತೀರೇನ್ರಿ? ಗಾಣದ ಎತ್ತಿನಂಗ ಹೋಗೂದು ಬರೂದು,” ಎಂದು ದಿನಾ ಒಮ್ಮೆ ಗೊಣಗದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಆ ಶ್ರಾವಣ ಸೋಮವಾರ ನಾನು ಎದ್ದದ್ದೇ ತಡವಾಗಿತ್ತು. ಮಹಾದೇವಿ ಇನ್ನೂ ಒಲೆ ಹೊತ್ತಿಸಿರಲಿಲ್ಲ, ಹೊರಗೆ ಕಚೇರಿಯ ಜೀಪು ಬಾಯಿ ಬಡಿದುಕೊಳ್ಳುತ್ತಿತ್ತು. ಅವಳು ಹಸಿ ಆಲೂಗಡ್ಡೆಗಳನ್ನು ಚೀಲಕ್ಕೆ ತುಂಬಿ, ಉಪ್ಪಿನ ಪೊಟ್ಟಣವೊಂದನ್ನು ಮೇಲಿಟ್ಟು, “ಎಲ್ಲ್ಯಾರ ಸುಟ್ಕೊಂಡು ತಿನ್ರಿ. ಯಂಕಪ್ಪನ ಬುತ್ತಿಗಿ ಕೈ ಹಾಕೀರಿ ಮತ್ತ! ಈ ವರ್ಷ ನಿಮ್ಮ ಕಾಗದ ಮ್ಯಾಲ ಹೋಗೂದದ, ನೆನಪಿರ್ಲಿ,” ಎಂದಳು. ನನ್ನನ್ನು ಕಾಯಂ ಮಾಡಿರೆಂಬ ಆ ಕಾಗದ ಕಳಿಸಬೇಕಾದವರು ನಮ್ಮ ಇಂಜಿನಿಯರ್ ಸಾಹೇಬರು. ಮೈಸೂರು ಕಡೆಯವರು, ಒಳ್ಳೆಯವರೇ, ಆದರೆ ನಮ್ಮ ಮಾತು ಕಲಿಯುವ ಹುಚ್ಚು. ಆಗಷ್ಟೇ ಗುತ್ತೇದಾರನೊಬ್ಬ ಕೆಲಸ ಅರ್ಧಕ್ಕೆ ಬಿಟ್ಟು ಓಡಿಹೋಗಿದ್ದ. ಯಾರನ್ನು ಕೇಳಿದರೂ “ಫರಾರಿ ಆಗ್ಯಾನ್ರಿ” ಎಂದೇ ಉತ್ತರ. ಸಾಹೇಬರು ಆ ಪದವನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯ ಕೂಗು ತಡೆಯಲಾಗದೆ ನಾನು ಒಲೆಯೊಳಗಿನ ಕಾಗದಗಳನ್ನೆಲ್ಲ ತೆಗೆದು ಹೊರಗೆ ಹಲಗೆಯ ಮೇಲೆ ಜೋಡಿಸಿದೆ. ದಂಡೆಯಿಂದ ಸಗಣಿಯ ಕುಳ್ಳು, ಜಾಲಿಯ ಇದ್ದಲಿ ತರಿಸಿದೆ. ಯಂಕಪ್ಪ ಅಡ್ಡ ನಿಂತ.

“ಗಂಗವ್ವನ ಉಡ್ಯಾಗ ಬೆಂಕಿ ಹಾಕ್ತೀರೇನ್ರಿ ಕಾರಕೂನ್ರ?”

“ನನ್ನ ಹೊಟ್ಟ್ಯಾಗ ಬಿದ್ದ ಬೆಂಕಿ ಮುಂದ ಇದೇನೋ ಮಾರಾಯ!”

“ಹಂಗಾರ ಆಕಿ ಪಾಲು ಆಕಿಗಿ ಕೊಟ್ಟು ಹಚ್ಚಬೇಕು,” ಎಂದವನೇ ಚೀಲಕ್ಕೆ ಕೈ ಹಾಕಿ, ನಾನು ಬೆಳಗಿನಿಂದ ಕಣ್ಣಿಟ್ಟಿದ್ದ ಎಲ್ಲಕ್ಕಿಂತ ದೊಡ್ಡ ಆಲೂಗಡ್ಡೆಯನ್ನು ಕಣ್ಣಿಗೊತ್ತಿಕೊಂಡು ಕಾಲುವೆಗೆ ಹಾಕಿಬಿಟ್ಟ. ಅದು ಬುಳುಕ್ಕೆಂದಾಗ ನನ್ನ ಜೀವವೂ ಬುಳುಕ್ಕೆಂದಿತು.

ಮಿಕ್ಕವನ್ನು ಕೆಂಡದ ಬದಿಗೆ ಬೂದಿಯಲ್ಲಿ ಹುಗಿದು ಬಾಗಿಲು ಹಾಕಿದೆವು. ಆಲೂಗಡ್ಡೆ ಸುಡುವುದು ಕೇಳಲು ಸುಲಭ. ಆದರೆ ಹಸಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಕ್ಷಣಕ್ಕೊಮ್ಮೆ ಬಾಗಿಲು ತೆರೆದು ಕಡ್ಡಿಯಿಂದ ಚುಚ್ಚುವೆ. ಒಳಗಿನ ಶಾಖ ಹೊರಗೆ, ಹೊರಗಿನ ಗಾಳಿ ಒಳಗೆ. ಯಂಕಪ್ಪನಿಗೆ ರೇಗಿತು. “ಬಾಣಂತಿ ಕ್ವಾಣಿ ಇದ್ದಂಗ ಅದ, ಘಳಿಗಿಗೊಮ್ಮೆ ಬಾಗಲಾ ತೆರಿಬ್ಯಾಡ್ರಿ! ಗಾಳಿ ಹೊಕ್ಕರ ಬೇಯಂಗಿಲ್ಲ ಅವು.” ಅಷ್ಟರಲ್ಲಿ ಇನ್ನೊಂದು ಪೀಡೆ. ಕೊಳವೆಯೊಳಗೆ ಗುಬ್ಬಿಯೋ ಮತ್ತೊಂದೋ ಎಂದೋ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಹೊಗೆ ಮೇಲೆ ಹೋಗದೆ ಕೋಣೆ ತುಂಬಿತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಅಂಗಿ ಕಳಚಿ ಬನಿಯನ್ನಿನಲ್ಲಿ ಕೂತು ಊದಿದೆ. ಗಾಳಿ ಸಿಗಲೆಂದು ಯಂಕಪ್ಪ ಹಗ್ಗ ಬಿಚ್ಚಿ ಬೋಟನ್ನು ಗೇಟಿನಿಂದ ದೂರ, ಕಾಲುವೆಯ ತಿರುವಿನ ಆಚೆಗೆ ಒಯ್ದ.

ಅದೇ ಹೊತ್ತಿಗೆ ಗೇಟಿನ ಫೋನು ಗಂಟೆ ಬಾರಿಸಿದ್ದು ನನಗೆ ತಿಳಿದದ್ದು ಆಮೇಲೆ. ಆ ದಿನ ಮೇಲಿನ ಕಚೇರಿಯ ದೊಡ್ಡ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದರಂತೆ. ಬೋಟು ನೋಡಬೇಕೆಂದರಂತೆ. ಇಂಜಿನಿಯರ್ ಸಾಹೇಬರು ಗೇಟು ಕಾಯುವ ಮಹಿಬೂಬಸಾಬನಿಗೆ ಫೋನು ಮಾಡಿದರು. ಆ ಫೋನಿನಲ್ಲಿ ಮಾತಿಗಿಂತ ಗರಗರ ಸದ್ದೇ ಹೆಚ್ಚು.

“ಬೋಟ್ ಎಲ್ಲಿದೆ? ಗುಮಾಸ್ತರು ಎಲ್ಲಿ?”

“ಕಾರಕೂನ್ರು ಫರಾಳ ಮಾಡಾಕತ್ತಾರ್ರಿ ಸಾಬ್.”

“ಏನು? ಫರಾರಿನಾ?”

“ಹೌದ್ರಿ, ಫರಾಳ. ಸೋಮವಾರಕ್ಕೊಮ್ಮೆ ಮಾಡ್ತಾರ್ರಿ.”

“ಪ್ರತಿ ಸೋಮವಾರನಾ? ಬೋಟ್ ಏನಾಯ್ತು?”

“ಬೋಟ್‌ನ್ಯಾಗೇ ನಡದದ್ರಿ. ಯಂಕಪ್ಪನೂ ಕೂಡ್ಯಾನ. ಇಲ್ಲಿ ಕಾಣವಲ್ಲರ್ರಿ, ಮುಂದ ಹೋಗ್ಯಾರ.”

ಹೀಗೆ ನಾನು ಯಂಕಪ್ಪನೊಂದಿಗೆ ಕೂಡಿಕೊಂಡು, ಸರ್ಕಾರದ ಬೋಟಿನ ಸಮೇತ, ವಾರಕ್ಕೊಮ್ಮೆ ಫರಾರಿಯಾಗುವವನಾದೆ.

ಜೀಪಿನ ಧೂಳು ಕಂಡಾಗ ನಾನು ಒಲೆಯ ಮುಂದೆ ಮಸಿ ಮೆತ್ತಿದ ಮುಖದಲ್ಲಿ ಕೂತಿದ್ದೆ. ದಂಡೆಗೆ ಬಂದು ನಿಂತ ಇಂಜಿನಿಯರ್ ಸಾಹೇಬರಿಗೆ ಕಂಡದ್ದು: ಬೋಟಿನ ತುಂಬ ಹೊಗೆ, ಹೊರಗೆ ತೆಗೆದಿಟ್ಟ ಕಾಗದಪತ್ರ, ಬನಿಯನ್ನಿನಲ್ಲಿ ಒಲೆಯ ಬಾಗಿಲಿಗೆ ಅಡ್ಡ ಕೂತಿರುವ ಕಾರಕೂನ.

“ಏನ್ರೀ ಸುಡ್ತಾ ಇದೀರಿ ಅಲ್ಲಿ? ದಾಖಲೆ ಸುಡ್ತಾ ಇದೀರಾ?”

“ಆಲೂಗಡ್ಡಿರಿ ಸಾಹೇಬ್ರ.”

“ತಮಾಷೆ ಮಾಡ್ತೀರಾ? ಓಡಿಹೋಗೋಕೆ ಬೋಟೇ ಬೇಕಿತ್ತಾ? ನಿಮ್ಮ ಕಾಯಂ ಆಗೋ ಆಸೆ ಇವತ್ತಿಗೆ ಮುಗೀತು, ತಿಳ್ಕೊಳ್ಳಿ!”

ಓಡಿಹೋಗುವುದು ಎಲ್ಲಿಗೆ, ಯಾಕೆ, ಒಂದೂ ಅರ್ಥವಾಗಲಿಲ್ಲ. ಆದರೆ ಕೊನೆಯ ಮಾತು ಅರ್ಥವಾಯಿತು. ತೊಟ್ಟಿಲಲ್ಲಿ ಮಲಗಿದ ಮಗಳು ಕಣ್ಣಮುಂದೆ ಬಂದಳು. ಹೊಗೆಯಿಂದ ಬಂದ ನೀರು ಯಾವುದು, ದುಃಖದಿಂದ ಬಂದದ್ದು ಯಾವುದು ಎಂದು ನನಗೇ ತಿಳಿಯಲಿಲ್ಲ. ಯಂಕಪ್ಪ ಮಾತ್ರ ನನ್ನ ಕಿವಿಯಲ್ಲಿ, “ದೊಡ್ಡದೇ ಕೊಟ್ಟೀವಲ್ರಿ, ಗಂಗವ್ವ ಕೈ ಬಿಡಂಗಿಲ್ಲ ತಗೋರಿ,” ಎಂದ. ಅವನನ್ನೂ ಆ ಆಲೂಗಡ್ಡೆಯ ಹಿಂದೆಯೇ ಕಳಿಸಬೇಕೆನ್ನಿಸಿತು.

ಆಗ ಜೀಪಿನೊಳಗಿಂದ ದೊಡ್ಡ ಸಾಹೇಬರು ಇಳಿದರು. ಸುರಪುರದ ಕಡೆಯ ಹಿರಿಯರು. ಹಣೆಯ ಮೇಲೆ ಅಡ್ಡ ವಿಭೂತಿ, ಮುಖದ ಮೇಲೆ ದಣಿವು. ಮೂಗು ಅರಳಿಸಿ ಗಾಳಿಯನ್ನು ಮೂಸಿದರು.

“ಏನೋ ತಮ್ಮಾ, ಏನ್ ನಡಿಸೀದಿ?”

“ಸೋಮವಾರ ಅದರಿ. ಫರಾಳಕ್ಕಂತ ಆಲೂಗಡ್ಡಿ ಸುಡಾಕತ್ತಿದ್ದೆ ಅಪ್ಪಾವರ,” ಎಂದೆ. ಅಂಜಿಕೆಯಲ್ಲಿ ‘ಸಾಹೇಬ್ರ’ ಎನ್ನುವುದೂ ಮರೆತುಹೋಗಿತ್ತು.

ದೊಡ್ಡ ಸಾಹೇಬರು ಇಂಜಿನಿಯರರ ಮುಖ ನೋಡಿದರು. “ಫರಾಳ! ನೀವು ಫರಾರಿ ಅಂದ್ರಲ್ರಿ?” ಎಂದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಎರಡೂ ಕಡಿ ಗೇಟ್ ಹಾಕೇದ. ಈ ಬೋಟ್ ತಗೊಂಡು ಇವ ಎಲ್ಲಿಗಿ ಫರಾರಿ ಆಗ್ತಾನ್ರಿ, ಬಚ್ಚಲಕ?” ಇಂಜಿನಿಯರ್ ಸಾಹೇಬರು ಕಾಲುವೆಯ ನೀರಿನ ಮಟ್ಟವನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು. ಸುರಪುರದ ಹಿರಿಯರಿಗೂ ಆ ದಿನ ಉಪವಾಸ. ಅದು ತಿಳಿಯದೆ ಇಂಜಿನಿಯರರು ಚಿತ್ರಾನ್ನ, ಹೋಳಿಗೆ ಎಂದು ಅವಸರದಲ್ಲೇ ಭಾರಿ ಅಡುಗೆ ಮಾಡಿಸಿದ್ದರಂತೆ. ಪಾಪ, ದೊಡ್ಡ ಸಾಹೇಬರು ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತು ಎದ್ದುಬಂದಿದ್ದರು.

“ಬೆಂದಾವೇನ?” ಎಂದು ಕೇಳುತ್ತಲೇ ಬೋಟಿಗೆ ಇಳಿದರು. ಜೀಪು ಕಂಡಾಗಿನಿಂದ ನಾನು ಬಾಗಿಲು ತೆರೆದಿರಲಿಲ್ಲವಲ್ಲ, ಆಲೂಗಡ್ಡೆಗಳು ಹದವಾಗಿ ಬೆಂದಿದ್ದವು. ಸಿಪ್ಪೆ ಕರಿದಾಗಿ ಬಿರಿದು, ಒಳಗೆ ಬೆಣ್ಣೆಯಂಥ ತಿರುಳು, ಅದರಿಂದೇಳುವ ಹಬೆ. ಉಪ್ಪು ಹಚ್ಚಿ ಒಂದೊಂದೇ ಕೊಟ್ಟೆ. ಊದಿ ಊದಿ ತಿಂದರು. ಇನ್ನೊಂದು ಎಂದರು, ಮತ್ತೊಂದು ಎಂದರು. “ರಜಾ ಹಾಕದ ಉಪಾಸ ಇದ್ದು ಕೆಲಸಕ್ಕ ಬಂದಾನಲ್ರಿ ಹುಡುಗ! ಇವನ್ನ ಕಾಯಂ ಮಾಡೂ ಕಾಗದ ಇನ್ನಾ ಯಾಕ ಕಳಿಸಿಲ್ಲ? ನಾಳೆ ಕಳಿಸ್ರಿ,” ಎಂದು ತಿನ್ನುತ್ತಲೇ ಅಪ್ಪಣೆ ಕೊಟ್ಟರು. ಇಂಜಿನಿಯರ್ ಸಾಹೇಬರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ, ಆದರೆ ನನ್ನ ಕಣ್ಣೆಲ್ಲ ಒಲೆಯೊಳಗೆ ಮಿಕ್ಕಿದ್ದ ಆಲೂಗಡ್ಡೆಗಳ ಮೇಲೆ. ಕೊನೆಯದನ್ನು ಅವರು ಬಾಯಿಗಿಟ್ಟಾಗ ಸಂತೋಷಕ್ಕೆ ಅಳಬೇಕೋ ಹಸಿವಿಗೆ ಅಳಬೇಕೋ ತಿಳಿಯದೆ ನಕ್ಕೆ.

ಹೇಳಿದಂತೆ ಕಾಗದ ಹೋಯಿತು, ಆ ವರ್ಷವೇ ಆದೇಶ ಬಂತು. ಮನೆಗೆ ಓಡಿಹೋಗಿ ಮಹಾದೇವಿಗೆ ಸುದ್ದಿ ಹೇಳಿದೆ. ಮಗಳನ್ನು ಸೊಂಟದ ಮೇಲೆತ್ತಿಕೊಂಡು ನಿಂತಿದ್ದವಳ ಕಣ್ಣಲ್ಲಿ ನೀರಾಡಿತು. ಅವಳ ಕಣ್ಣಲ್ಲಿ ನೀರು ನಾನು ಕಂಡದ್ದೇ ಕಡಿಮೆ. ಇದೇ ಒಳ್ಳೆಯ ಸಮಯವೆಂದು ಮೆಲ್ಲಗೆ ಕೇಳಿದೆ:

“ಹಂಗಾರ ಹರಕಿ ತೀರಿದಂಗ ಆತಲ್ಲ? ಬರೂ ಸೋಮವಾರ ರೊಟ್ಟಿ, ಎಣಗಾಯಿ ಪಲ್ಯಾ ಮಾಡ್ತೀ?”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಎಲ್ಲಿ ತೀರ್ತದ್ರಿ? ನೌಕರಿ ಕಾಯಂ ಆತಂದ್ರ ಉಪಾಸನೂ ಕಾಯಂ ಅಂತ ಬೇಡಿಕೊಂಡೀನಲ್ರಿ!”

ನೌಕರಿಯಿಂದ ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಸೋಮವಾರದಿಂದ ಇನ್ನೂ ಆಗಿಲ್ಲ.