ಹಾಜರಿ ಪುಸ್ತಕ ಮತ್ತು ಗುಲಾಬಿ

ಬುದ್ಧಿವಂತ ಮಕ್ಕಳನ್ನು ಪಾಸು ಮಾಡಿಸಿದೆ ಎಂದು ಹೇಳಿಕೊಳ್ಳುವ ಮಾಷ್ಟ್ರು, ಹೊಳೆಯ ನೀರನ್ನು ಕೈಹಿಡಿದು ಸಮುದ್ರಕ್ಕೆ ಮುಟ್ಟಿಸಿದೆ ಅಂದವನ ಹಾಗೆ. ಅವರು ಹೇಗೂ ಪಾಸಾಗುತ್ತಾರೆ, ನಾವು ಅಡ್ಡ ಬಾರದಿದ್ದರೆ ಸಾಕು. ಮಾಷ್ಟ್ರ ಬಂಡವಾಳ ಬಯಲಾಗುವುದು ಲೆಕ್ಕ ತಲೆಗೆ ಹತ್ತದ ಮಕ್ಕಳ ಮುಂದೆ. ನನ್ನದು ಬಯಲಾದದ್ದು ಎಪ್ಪತ್ತರ ದಶಕದಲ್ಲಿ, ಕಡಬದ ಆಸುಪಾಸಿನ ಒಂದು ಹೈಸ್ಕೂಲಿನಲ್ಲಿ. ಗಣಿತದ ಮಾಷ್ಟ್ರಾಗಿ ಸೇರಿದ ವಾರದಲ್ಲೇ ಹೆಡ್ಮಾಷ್ಟ್ರು ಹತ್ತನೆಯ ತರಗತಿಯ ಹಿಂದುಳಿದ ಮಕ್ಕಳ ಸ್ಪೆಶಲ್ ಕ್ಲಾಸನ್ನು ನನ್ನ ತಲೆಗೆ ಕಟ್ಟಿದರು. "ನೀವು ಹೊಸಬರು, ಉತ್ಸಾಹ ಉಂಟು" ಅಂದರು. ಹಳಬರೆಲ್ಲ ಆ ಉತ್ಸಾಹವನ್ನು ಸಕಾಲದಲ್ಲಿ ಕಳೆದುಕೊಂಡು ಬಚಾವಾಗಿದ್ದರೆಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ಎಂಟಕ್ಕೆ ಕ್ಲಾಸು, ಒಂಬತ್ತು ಮಕ್ಕಳು. 'ಸ್ಪೆಶಲ್' ಎಂಬ ಹೆಸರಿನಿಂದ ಊರಲ್ಲಿ ನಮಗೆ ಭಾರೀ ಮರ್ಯಾದೆ. ಕೋಡಿಂಬಾಳದ ಒಬ್ಬರು ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಂದು, "ನಮ್ಮ ಹುಡುಗನನ್ನು ಸ್ಪೆಶಲ್‌ಗೆ ಆರಿಸಿದ್ರಂತೆ, ಉಪಕಾರ ಆಯ್ತು ಮಾಷ್ಟ್ರೆ" ಎಂದು ಕೈಮುಗಿದರು. ನಾನು ಹಪ್ಪಳ ಇಟ್ಟುಕೊಂಡೆ, ನಿಜ ಹೇಳಲಿಲ್ಲ. ಆರಿಸಲ್ಪಟ್ಟ ಆ ಮಹನೀಯ ಪ್ರಮೇಯಗಳನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದ. ತ್ರಿಕೋನಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಮಾತ್ರ, "ಅದು ನಮ್ಮ ಪುಸ್ತಕದಲ್ಲಿ ಇಲ್ಲ ಮಾಷ್ಟ್ರೆ" ಎಂದು ಕುಳಿತುಬಿಡುತ್ತಿದ್ದ.

ಗುಲಾಬಿ ಹಾಗಲ್ಲ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ತಾಯಿಯ ಒಬ್ಬಳೇ ಮಗಳು. ಅರ್ಧವಾರ್ಷಿಕದಲ್ಲಿ ಅವಳಿಗೆ ಬಂದದ್ದು ಹನ್ನೊಂದು. ಬೈದದ್ದಕ್ಕೆ ತಲೆ ತಗ್ಗಿಸಿ, "ಅರ್ಥ ಆಗದೆ ಮುಂದೆ ಹೋಗ್ಲಿಕ್ಕೆ ನನಗೆ ಬರುದಿಲ್ಲ ಮಾಷ್ಟ್ರೆ" ಅಂದಳು. ಆಮೇಲಿನ ಪರೀಕ್ಷೆಯಲ್ಲಿ ಹತ್ತೊಂಬತ್ತು, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತೊಂದು. ಪಾಸಿಗೆ ಮೂವತ್ತೈದು ಬೇಕು. ಒಂದು ಬೆಳಿಗ್ಗೆ ಅವಳೇ ಎದ್ದು ಬಂದು, ಬೋರ್ಡಿನಲ್ಲಿ ಪಿಕ್ಯೂಆರ್ ಬರೆದು, ಯಾರನ್ನೂ ಕೇಳದೆ ಪ್ರಮೇಯ ಸಾಧಿಸಿದಳು. ಅವತ್ತು ಮನೆಗೆ ಹೋದವನೇ ಹೆಂಡತಿಗೆ, "ನನಗೆ ಪಾಠ ಹೇಳ್ಲಿಕ್ಕೆ ಬರ್ತದೆ ಮಾರಾಯ್ತಿ" ಅಂದೆ. "ಹಾಗಾದ್ರೆ ಇಷ್ಟು ದಿನ ಎಂತ ಹೇಳಿದ್ದು?" ಎಂದು ಅವಳು ಕೇಳಿದಳು.

ಫೆಬ್ರವರಿಯ ಕೊನೆಗೆ ಹೆಡ್ಮಾಷ್ಟ್ರು ನನ್ನನ್ನು ಕರೆದರು. "ಉಳಿದ ಎಂಟು ಮಂದಿ ಬಾಯಿಪಾಠದಲ್ಲಿ ದಾಟ್ತಾರೆ. ಆ ಹುಡುಗಿಯೊಂದು ಇಲ್ಲದಿದ್ರೆ ನಮ್ಮದು ನೂರಕ್ಕೆ ನೂರು. ಅವಳ ಹಾಜರಿ ಎಷ್ಟುಂಟು?" ಹಾಜರಿ ಕಡಿಮೆಯಿತ್ತು. ಮಳೆಗಾಲದಲ್ಲಿ ತೋಡು ದಾಟುವ ಮರದ ಸಂಕ ಮುಳುಗಿದ ದಿನಗಳಲ್ಲಿ ಅವಳು ಬರುವಂತಿರಲಿಲ್ಲ. ಹಾಜರಿ ಪುಸ್ತಕದ ಅಂಥ ಖಾಲಿ ಮನೆಗಳನ್ನು ತುಂಬಿಸಿ ಹಾಲ್ ಟಿಕೆಟ್ ಕೊಡುವುದು ಎಲ್ಲ ಶಾಲೆಗಳ ಧರ್ಮ. ಆ ವರ್ಷ ನಾನೇ ಇಬ್ಬರು ಹುಡುಗರಿಗೆ ತುಂಬಿಸಿದ್ದೆ. ಅದೇ ಪೆನ್ನು ನನ್ನ ಕಿಸೆಯಲ್ಲಿತ್ತು. ಲೆಕ್ಕ ತಲೆಗೆ ಹತ್ತುತ್ತಿರುವ ಹುಡುಗಿ ಸರ್, ನಾಲ್ಕೇ ಅಂಕ ಬೇಕು, ಅನ್ನಬೇಕಿತ್ತು. "ಕಡಿಮೆ ಉಂಟು ಸರ್" ಅಂದೆ. ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ.

ಹಾಲ್ ಟಿಕೆಟ್ ಇಲ್ಲವೆಂಬ ಸುದ್ದಿ ಹೇಳಲು ಅವಳ ಮನೆಗೆ ನಾನೇ ಹೋದೆ. ತಾಯಿ ಮಡಿಲಲ್ಲಿದ್ದ ಬೀಡಿ ಎಲೆ ಬದಿಗಿಟ್ಟು, ಬೆಲ್ಲ ನೀರು ತಂದರು. ಈ ವರ್ಷ ಬೇಡ, ಮುಂದಿನ ವರ್ಷ ಗಟ್ಟಿ ತಯಾರಿ ಮಾಡಿ ಒಳ್ಳೆಯ ಅಂಕದಲ್ಲಿ ಪಾಸಾಗಲಿ ಎಂದು ನಾನು ಪಾಠ ಒಪ್ಪಿಸಿದೆ. "ನಮಗೆ ಎಂತ ಗೊತ್ತುಂಟು ಮಾಷ್ಟ್ರೆ, ನೀವು ಹೇಳಿದ ಹಾಗೆ" ಅಂದರು ಆ ತಾಯಿ. ಬಾಗಿಲ ಹಿಂದಿನಿಂದ ಗುಲಾಬಿ, "ಮುಂದಿನ ವರ್ಷವೂ ಸ್ಪೆಶಲ್ ಕ್ಲಾಸು ಉಂಟಲ್ಲ ಮಾಷ್ಟ್ರೆ?" ಎಂದು ಕೇಳಿದಳು. "ಉಂಟು, ಉಂಟು" ಅಂದೆ.

ಫಲಿತಾಂಶ ನೂರಕ್ಕೆ ನೂರು ಬಂತು. ಶಾಲೆಯಲ್ಲಿ ಲಾಡು ಹಂಚಿದರು, ನನಗೆ ಎರಡು ಕೊಟ್ಟರು, ಎರಡನ್ನೂ ತಿಂದೆ. ಜೂನಿನಲ್ಲಿ ಗುಲಾಬಿ ಬರಲಿಲ್ಲ. ಅವಳೂ ತಾಯಿಯ ಜೊತೆ ಬೀಡಿಗೆ ಕುಳಿತಳೆಂದು ಮಕ್ಕಳು ಹೇಳಿದರು. ಕರೆತರಲು ಹೋಗಬೇಕೆಂದು ಪ್ರತಿ ಶನಿವಾರ ಅಂದುಕೊಳ್ಳುತ್ತಿದ್ದೆ. ಬರಬೇಡ ಎನ್ನಲು ನಡೆದ ದಾರಿ, ಬಾ ಎನ್ನಲು ಬಹಳ ದೂರವೆನಿಸಿತು. ಮರುವರ್ಷ ನನಗೆ ಪುತ್ತೂರಿನ ಹತ್ತಿರದ ಸವಣೂರಿನ ಕಡೆಗೆ ವರ್ಗವಾಯಿತು, ಕಾಯಂ ಆಗಿ.

ಹತ್ತು ಹನ್ನೆರಡು ವರ್ಷಗಳ ಮೇಲೆ, ಪುತ್ತೂರಿನಿಂದ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. "ಮಾಷ್ಟ್ರೆ, ಗುರ್ತ ಸಿಕ್ಕಿತಾ?" ಎಂಬ ದನಿ ಕೇಳಿ ತಿರುಗಿದರೆ ಗುಲಾಬಿ, ಮಡಿಲಲ್ಲೊಂದು ಹೆಣ್ಣು ಮಗು. ಯೋಗಕ್ಷೇಮವೆಲ್ಲ ಆದ ಮೇಲೆ ಕೇಳಿದಳು: "ಒಂದು ಕೇಳ್ಲಿಕ್ಕುಂಟು. ಆ ವರ್ಷ ಬರೆದಿದ್ರೆ ನಾನು ಪಾಸಾಗ್ತಿದ್ದೆನಾ?" ನನ್ನ ವೃತ್ತಿಯಲ್ಲೇ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಕಷ್ಟ ಇತ್ತು ಗುಲಾಬಿ" ಅಂದೆ. ಅವಳಿಗೆ ನೋವಾಗದಿರಲೆಂದು ಹಾಗಂದೆ ಎಂದು ಬರೆದರೆ ನೀವು ನಂಬುತ್ತೀರಿ, ಆದರೆ ನಿಜವಾಗಿ ನನಗೆ ಹೆದರಿಕೆಯಾಗಿತ್ತು.

ಅವಳ ಮುಖ ಹಗುರಾಯಿತು. "ಹಾಗಾದ್ರೆ ಬೇಜಾರಿಲ್ಲ. ನೀವು ಪಾಪ ಮನೆವರೆಗೆ ಬಂದು ಹೇಳಿದ್ರಿ, ನಾನೇ ಮತ್ತೆ ಬರ್ಲಿಲ್ಲ" ಎನ್ನುತ್ತ ಮಗುವನ್ನು ಸೊಂಟಕ್ಕೇರಿಸಿ ಎದ್ದು ನಿಂತಳು. "ನೀವು ಕೂತ್ಕೊಳ್ಳಿ ಮಾಷ್ಟ್ರೆ." ಬೇಡ ಎನ್ನಬೇಕಿತ್ತು. ಕಾಲು ನೋಯುತ್ತಿತ್ತು, ಕೂತೆ.