ಖುರ್ಪಿ ಹಿಡಿದ ಆಡು

ಈ ಸಂಗತಿಯನ್ನು ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತಲೇ ನನ್ನ ಹಲ್ಲೆಲ್ಲ ಉದುರಿದವು. ಇನ್ನೂ ತಡಮಾಡಿದರೆ ಮಾತು ತೊದಲಿ, ಕೇಳಿದವರು ಈ ತಪ್ಪು ಬೇರೆ ಯಾರದೋ ಎಂದು ತಿಳಿದಾರು. ಹಾಗೆ ತಿಳಿದರೆ ನನಗೆ ಅನುಕೂಲವೇ. ಆ ಆಸೆಯಿಂದಲೇ ಇಷ್ಟು ಕಾಲ ಸುಮ್ಮನಿದ್ದೆ ಎಂದರೂ ಸುಳ್ಳಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈಸ್ಕೂಲು ಕಲಿತ ನನಗೆ ಹುಮನಾಬಾದಿನಲ್ಲಿ ಮಾಸ್ತರಿಕೆ ಸಿಕ್ಕಿತು. ನಮ್ಮೂರು ಕಲ್ಯಾಣಿಯಿಂದ ಹೊರಡುವಾಗ ಅಪ್ಪ ನನ್ನ ಗಂಟಿನಲ್ಲಿ ಒಂದು ಖುರ್ಪಿ ಇಟ್ಟರು. ಗೇಣುದ್ದದ ಕಬ್ಬಿಣ, ಒಂದು ಕಟ್ಟಿಗೆಯ ಹಿಡಿ, ಅಷ್ಟೇ. ಆದರೆ ಅದರ ನಶೆ ಹಿಡಿದವರಿಗೇ ಗೊತ್ತು! ಕುಕ್ಕರಗಾಲಲ್ಲಿ ಕೂತು ಕಳೆಯ ಬುಡಕ್ಕೆ ಚುಚ್ಚಿ ಮೆಲ್ಲಗೆ ಮೀಟಿದರೆ ಬೇರು ‘ಪಟ್’ ಎಂದು ಬಿಡುತ್ತದೆ. ಆ ‘ಪಟ್’ ಒಮ್ಮೆ ಕೇಳಿದ ಕಿವಿಗೆ ಸಂಗೀತ ರುಚಿಸುವುದಿಲ್ಲ. ನಾವು ಬಾಡಿಗೆಗಿದ್ದದ್ದು ನಾಲ್ಕಾರು ಸಂಸಾರಗಳಿದ್ದ ಒಂದು ದೊಡ್ಡ ವಾಡೆಯಲ್ಲಿ. ಅದರ ಅಂಗಳದ ಮೂಲೆಯಲ್ಲಿ ನಾನು ಬದನೆ, ಮೆಣಸಿನ ಸಸಿ ನೆಟ್ಟೆ. ಆಮೇಲೆ ಕಳೆ ತೆಗೆದೆ. ಕಳೆ ಮುಗಿದ ಮೇಲೂ ತೆಗೆದೆ. ನನ್ನ ಹೆಂಡತಿ ನೀಲಮ್ಮ ತುಂಬು ಬಸುರಿ, ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಏನ್ ಮಾಡಾಕತ್ತೀರಿ? ಒಗ್ಗರಣಿಗೆ ಕೊತ್ತಂಬರಿದ ಒಂದು ಎಸಳೂ ಉಳಿಸಿಲ್ಲಲ್ರಿ!”

ವಾಡೆಯ ಮಾಲೀಕರು ಮಲ್ಲಪ್ಪ ಕಾಕಾ. ಅವರು ಚಿಟಗುಪ್ಪಕ್ಕೆ ಮಗಳ ಮನೆಗೆ ಹೋಗಿದ್ದಾಗ, ಗೋಡೆಯ ಬದಿಗೆ ಒಂದು ಮುಳ್ಳಿನ ಸಸಿ ನನ್ನ ಕಣ್ಣಿಗೆ ಬಿತ್ತು. ಜಾಲಿ ಎಂದುಕೊಂಡೆ. ಸುತ್ತ ಯಾರೋ ಕಲ್ಲು ಜೋಡಿಸಿದ್ದರು. ಕಲ್ಲನ್ನೂ ಕಸವೆಂದು ಎತ್ತಿ ಒಗೆದೆ. ಪಟ್! ಸಸಿ ತಿಪ್ಪೆಗೆ ಹೋಯಿತು.

ಕಾಕಾ ತಿರುಗಿ ಬಂದವರು ಕೈಕಾಲು ತೊಳೆಯದೆ ಗೋಡೆಯ ಹತ್ತಿರ ಓಡಿದರು. “ನನ್ನ ಬನ್ನಿ ಎಲ್ಲಿ ಅದ? ಬೀಜ ಹಾಕಿ, ಕೂಸಿನಂಗ ನೀರು ಕುಡಿಸಿ ಬೆಳಸೀನಲ್ಲೋ!” ದಸರೆಯ ಸಂಜೆ ಊರವರೆಲ್ಲ ಬನ್ನಿ ಎಲೆಯನ್ನು ಬಂಗಾರವೆಂದು ಕೈಗೆ ಕೈ ಹಂಚಿ, ಹಳೆಯ ಜಗಳವನ್ನು ಮರೆಯುತ್ತಾರಷ್ಟೆ. ಮುಂದೊಂದು ದಿನ ಇಡೀ ಓಣಿ ಬಂಗಾರಕ್ಕಾಗಿ ತಮ್ಮ ಅಂಗಳಕ್ಕೇ ಬರಬೇಕೆಂಬುದು ಕಾಕಾರ ಕನಸು. “ಯಾರು ಕಿತ್ತಾರೋ ಅವರ ಗಂಟುಮೂಟಿ ಇವತ್ತೇ ಬೀದಿಗೆ!” ಎಂದು ಗುಡುಗಿದರು. ನಾನು ನೀಲಮ್ಮನ ಹೊಟ್ಟೆ ನೋಡಿದೆ. ಬೀದಿ ನೋಡಿದೆ. “ಆಡು ತಿಂದಿರಬೇಕ್ರಿ” ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು.

ವಾಡೆಯಲ್ಲಿದ್ದದ್ದು ಒಂದೇ ಆಡು, ಶಹಜಾದಿ. ಬಾಗಿಲ ಪಕ್ಕದ ಖೋಲಿಯಲ್ಲಿದ್ದ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳದು. ಮಕ್ಕಳಿಲ್ಲದ ಆ ಮುದುಕಿಗೆ ಅದೇ ಮಗಳು. ಕಾಕಾ ಅಂದರು: “ಆಡರ ಇಲ್ಲಿರಬೇಕು, ಇಲ್ಲಾ ನಾ ಇರಬೇಕು! ಮಾಸ್ತರ್, ನೀವು ಕಲಿತವರು, ಫೈಸ್ಲಾ ನೀವೇ ಹೇಳ್ರಿ.”

ಖಾಲಾ ಸೆರಗು ಕಟ್ಟಿ ನಿಂತಳು. “ಆಡು ಮೇಯ್ದರ ಬುಡ ಉಳೀತದ ಮಲ್ಲಪ್ಪ. ಇಲ್ಲಿ ಕುಳಿ ಬಿದ್ದದ ನೋಡು! ನನ್ನ ಶಹಜಾದಿ ಕಾಲಾಗ ಖುರ್ಪಿ ಹಿಡಿದು ಅಗೀತದೇನ್ರಿ ಮಾಸ್ತರ?”

ಎಲ್ಲರೂ ಹೋ ಎಂದು ನಕ್ಕರು. ನನ್ನ ಧೋತರದ ಹಿಂದೆ ಸಿಕ್ಕಿಸಿದ್ದ ಖುರ್ಪಿ ಬೆನ್ನಿಗೆ ಚುಚ್ಚುತ್ತಿತ್ತು. ನಾನು ಯಾರಿಗೂ ಬೆನ್ನು ತೋರಿಸದೆ ಏಡಿಯ ಹಾಗೆ ಅಡ್ಡಡ್ಡ ಸರಿದು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ: “ಆಡು ಇರಲಿ. ಬಾಯಿಗೆ ಕುಕ್ಕೆ ಕಟ್ಟಬೇಕು.” ನನ್ನ ಕರುಣೆಗೆ ನಾನೇ ಮೆಚ್ಚಿದೆ.

ಬಾಯಿಗೆ ಕುಕ್ಕೆ ಬಿದ್ದ ಶಹಜಾದಿ ತುಪ್ಪದ ಡಬ್ಬಿಯಲ್ಲಿ ಮೂತಿ ಸಿಕ್ಕಿಸಿಕೊಂಡವಳಂತೆ ತಿರುಗಿದಳು. ಮೇಯುವ ಬಾಯಿ ಮುಚ್ಚಿದ್ದೇ ಖಾಲಾಳ ಖೋಲಿಯ ಮುಂದೆ ಹುಲ್ಲು ಮೊಳಕಾಲಿಗೆ ಬಂತು. ಒಂದು ದಿನ ಖಾಲಾ ಕೂಗಿದಳು: “ಬೇಟಾ, ಬಾಯಿ ಕಟ್ಟಿಸಿದವ ನೀನು, ಆಕಿ ಕೆಲಸಾನೂ ನೀನೇ ಮಾಡಬೇಕು ನೋಡು. ಖುರ್ಪಿ ತಗೊಂಡು ಬಾ.” ಹೀಗೆ ನಾನು ಹುಲ್ಲು ಕಿತ್ತು, ಕುಕ್ಕೆ ಬಿಚ್ಚಿ, ಆಡಿಗೆ ತುತ್ತು ಕೊಡುವವನಾದೆ. ಶಾಲೆಯ ಹುಡುಗರು ಬಾಗಿಲಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದರು. ಮಗಳು ಹುಟ್ಟಿದಾಗ ಅದೇ ಆಡಿನ ಹಾಲು ನಮ್ಮ ಮನೆಗೆ ಬಂತು. ಖಾಲಾ ಕೇಳದೆಯೇ ತಂದು ಕೊಟ್ಟಳು.

ದಸರೆ ಬಂತು. ಇವತ್ತಾದರೂ ಹೇಳಿಬಿಡಬೇಕೆಂದು ಬೇರೆ ಕಡೆಯಿಂದ ಬನ್ನಿ ತಂದು, ಆಡಿಗೆ ಮೇವು ಹಾಕುತ್ತಿದ್ದ ಖಾಲಾಳ ಅಂಗೈಯಲ್ಲಿಟ್ಟೆ. “ಖಾಲಾ, ಆ ಸಸಿ ಕಿತ್ತದ್ದು…” ಅನ್ನುವಷ್ಟರಲ್ಲಿ ಕುಕ್ಕೆ ಬಿಚ್ಚಿಕೊಂಡಿದ್ದ ಶಹಜಾದಿ ಕತ್ತು ಚಾಚಿ ಬಂಗಾರವನ್ನೆಲ್ಲ ನುಂಗಿದಳು! ಖಾಲಾ ಹೊಟ್ಟೆ ಹಿಡಿದು ನಕ್ಕಳು. “ನೋಡು ಬೇಟಾ! ಸಜಾ ಮೊದಲ ಆತು, ತಪ್ಪು ಈಗ ಮಾಡ್ಯಾಳ!” ಕಾಕಾ ನಕ್ಕರು, ನೀಲಮ್ಮ ನಕ್ಕಳು, ಕೂಸೂ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹೇಳಬೇಕೆಂದ ಮಾತು ಆ ನಗೆಯಲ್ಲೇ ಹೋಯಿತು. ಮುಂದೆ ನನಗೆ ಕಲ್ಯಾಣಿಗೆ ವರ್ಗವಾಯಿತು. ಮರುವರ್ಷ ಖಾಲಾ ತೀರಿಕೊಂಡಳೆಂದು ಕಾಕಾ ಹೇಳಿಕಳಿಸಿದರು.

ಅಂದಿನಿಂದ ನಾನು ಮುಳ್ಳಿನ ಸಸಿ ಕೀಳುವುದಿಲ್ಲ. ಬನ್ನಿ ಇದ್ದೀತೆಂದು ನಮ್ಮ ಬಾಗಿಲಲ್ಲಿ ಒಂದನ್ನು ಉಳಿಸಿದೆ. ಅದು ಪಕ್ಕಾ ಜಾಲಿ! ಬಂದವರ ಅಂಗಿಯನ್ನೆಲ್ಲ ಹರಿಯುತ್ತದೆ. “ಇದನ್ಯಾಕ ಇಟ್ಟಾನ ಮುದುಕ?” ಎಂದು ಎಲ್ಲರೂ ಬೈಯುತ್ತಾರೆ. ಯಾಕೆಂದು ನಾನು ಹೇಳಬೇಕಿದ್ದದ್ದು ಒಬ್ಬಳಿಗೇ, ಅವಳು ಈಗಿಲ್ಲ. ಓಣಿಗೆಲ್ಲ ಅವಳು ಬರೀ ಖಾಲಾ. ತಪ್ಪೊಪ್ಪಿಕೊಳ್ಳುವಾಗಲಾದರೂ ಅವಳ ಹೆಸರು ಹಿಡಿದು ಹೇಳಬೇಕು: ಖಾಜಾಬೀ.