ಹಿಗ್ಗುವ ದಾರ, ಹಿಗ್ಗದ ದಾರ

ಗಂಡನ ಹವ್ಯಾಸವನ್ನು ಹೆಂಡತಿ ದೂರದಿಂದಲೇ ಮೆಚ್ಚಿಕೊಳ್ಳಬೇಕು. ಹತ್ತಿರ ಹೋದರೆ ಕೈಗೆ ಏನಾದರೂ ಹಿಡಿಸಿಬಿಡುತ್ತಾರೆ. ನನಗೆ ಈ ವಿವೇಕ ಇರಲಿಲ್ಲವೆಂದಲ್ಲ, ಆದರೆ ಪರಿಸ್ಥಿತಿ ಹಾಗಿತ್ತು. ನಮ್ಮವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಯಾದಗಿರಿಯ ನಮ್ಮ ಮನೆ ಬಾಗಿಲಿಗೆ ಯಾರೇ ಬಂದರೂ ಮೊದಲು "ಎಲ್ಲಿಗ್ರಿ?" ಎಂದು ಕೇಳುವುದು, ಆಮೇಲೆ "ಒಳಗ ಜರಗ್ರಿ, ಒಳಗ ಜರಗ್ರಿ" ಎನ್ನುವುದು ಅವರಿಗೆ ಇನ್ನೂ ಬಿಟ್ಟಿರಲಿಲ್ಲ. ನಾನು ಪಾಠ ಹೇಳಲು ಶಾಲೆಗೆ ಹೋದರೆ ಮನೆಯಲ್ಲಿ ಅವರೊಬ್ಬರೇ. ಹಾಗಾಗಿ ಮೊಬೈಲಿನಲ್ಲಿ ಮೀನು ಹಿಡಿಯುವ ವಿಡಿಯೋ ನೋಡತೊಡಗಿದಾಗ, ಪಾಪ, ಹೊತ್ತು ಹೋಗುತ್ತದೆ ಎಂದು ನಾನೇ ಹುರಿದುಂಬಿಸಿದೆ.

ಒಂದು ದಿನ ಪಾರ್ಸೆಲ್ ಬಂತು. ಅದರೊಳಗೆ ಒಂದು ಗಾಳದ ಕೋಲು, ಅಂಗೈಯಗಲದ ಕೆಂಪು ಪ್ಲಾಸ್ಟಿಕ್ ತಟ್ಟೆ. ತಟ್ಟೆಯನ್ನು ದಾರಕ್ಕೆ ಓರೆಯಾಗಿ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ಹೋದರೆ ನೀರೇ ಅದನ್ನು ಕೆಳಗೆ ಒತ್ತುತ್ತದಂತೆ. ಅದರ ಹಿಂದಿನ ಗಾಳವೂ ಆಳಕ್ಕೆ ಇಳಿಯುತ್ತದಂತೆ. ಬಿಸಿಲಿಗೆ ತಳ ಸೇರಿದ ದೊಡ್ಡ ಮೀನು ಸಿಗಬೇಕಾದರೆ ಇದೇ ಉಪಾಯ. ಮೀನು ಸಿಕ್ಕಾಗ ದಾರವನ್ನು ಜೋರಾಗಿ ಜಗ್ಗಿದರೆ ತಟ್ಟೆಯನ್ನು ಓರೆಯಾಗಿ ಹಿಡಿದ ಕೊಂಡಿ ಬಿಚ್ಚಿ, ಅದು ಮಲಗಿಕೊಂಡು ಹಗುರವಾಗಿ ಮೇಲೆ ಬರಬೇಕು. ಹತ್ತಿಕುಣಿ ಜಲಾಶಯದಲ್ಲಿ ಮೀನು ಹಿಡಿಯುವ ಗುತ್ತಿಗೆ ನನ್ನ ತಮ್ಮ ಮಲ್ಲಪ್ಪನದೇ ಆದ್ದರಿಂದ ನೀರಿಗೂ ಮೋಟಾರು ದೋಣಿಗೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಿರ್ಧಾರಕ್ಕೆ. ಕೋಲಿನ ಜೊತೆ ತರಿಸಿದ ದಾರ ಎರಡು ಬಗೆಯದು. ಒಂದು ದಪ್ಪ ನೈಲಾನು, ಎಳೆದರೆ ಹಿಗ್ಗುವಂಥದು. ಇನ್ನೊಂದು ಸಣ್ಣ ಎಳೆಗಳನ್ನು ಹೆಣೆದದ್ದು, ಎಷ್ಟು ಎಳೆದರೂ ಜಪ್ಪಯ್ಯ ಎನ್ನದು. ಯಾವುದು ಒಳ್ಳೆಯದೆಂದು ನಮ್ಮವರು ವಾರವಿಡೀ ಕಿಟಕಿಯ ಸರಳಿಗೆ ಕಟ್ಟಿ ಜಗ್ಗಿ ನೋಡಿದರು. ತಲೆ ಚಿಟ್ಟುಹಿಡಿದು ನಾನೇ ತೀರ್ಪು ಕೊಟ್ಟೆ: "ದಪ್ಪಂದೇ ಹಾಕ್ರಿ. ಆ ಸಣ್ಣದರಾಗ ಅಂಗಿ ಗುಂಡಿ ಹಚ್ಚಬಹುದು, ಮೀನ ಹಿಡಿಯಾಕ ಆಗಲ್ಲ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವರು ಸುರಪುರದ ನಮ್ಮ ಬೀಗರಿಗೆ ಫೋನು ಹಚ್ಚಿ, "ಐತಾರ ಸಂಜಿಗಿ ಊಟಕ್ಕ ಬರ್ರಿ. ನಾ ಹಿಡಿದ ಬಾಳಿ ಮೀನ ಉಣಸ್ತೀನಿ" ಎಂದುಬಿಟ್ಟರು. ಮಗಳನ್ನು ಕೊಟ್ಟ ಮನೆಯವರ ಮುಂದೆ ಬರೀ ಬೇಳೆ ಸಾರು ಬಡಿಸುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ಅದಕ್ಕೇ, ನೀರೆಂದರೆ ಹೆದರುವ ನಾನು, ಭಾನುವಾರ ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ದೋಣಿ ಹತ್ತಿದೆ.

ಮಲ್ಲಪ್ಪ ಮೋಟಾರು ಹಚ್ಚಿದ. ನಮ್ಮವರು ಗಾಳ ಬಿಟ್ಟು, ದೋಣಿಯ ಅಂಚನ್ನು ಪಟಪಟ ಬಡಿದು "ರೈಟ್!" ಎಂದರು. ನನ್ನ ದಪ್ಪ ದಾರಕ್ಕೆ ನೀರಿನ ಎಳೆತವೇ ಹೆಚ್ಚಾಗಿ, ತಟ್ಟೆ ಆಳಕ್ಕೆ ಇಳಿಯಲೇ ಇಲ್ಲ. ಕೊನೆಗೆ ಏನೋ ಸಿಕ್ಕಿತು. ಅವರು ಜಗ್ಗಿದರು, ದಾರ ಹಿಗ್ಗಿತು, ಕೊಂಡಿ ಬಿಚ್ಚಲಿಲ್ಲ. ಮತ್ತೆ ಜಗ್ಗಿದರು, ಮತ್ತೆ ಹಿಗ್ಗಿತು. ಓರೆಯಾಗಿಯೇ ಉಳಿದ ತಟ್ಟೆಯನ್ನು ತುಂಬಿದ ಕೊಡ ಸೇದಿದಂತೆ ಸೇದಿ ಮೇಲೆತ್ತಿದರೆ, ಬಂದದ್ದು ಒಂದು ಹಿಡಿ ಪಾಚಿ. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಆಕಾಶ ನೋಡಿದೆ.

ಆಮೇಲೆ ಸಣ್ಣ ದಾರ ಕಟ್ಟಿದರು. ತಟ್ಟೆ ಸರ್ರನೆ ಇಳಿಯಿತು. ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಇಷ್ಟು ವರ್ಷ ಬಸ್ಸಿನ ಗಂಟೆಯ ಹಗ್ಗ ಎಳೆದ ಕೈ, ಅದೇ ರಭಸದಲ್ಲಿ ಜಗ್ಗಿತು. ಹಿಗ್ಗದ ದಾರ, ಆ ಏಟು ನೇರ ಮೀನಿನ ಬಾಯಿಗೇ ಬಿತ್ತು. ತುಟಿ ಹರಿದುಕೊಂಡು ಮೀನು ಹೋಯಿತು. ನಮ್ಮವರು ಕೋಲು ಕೆಳಗಿಟ್ಟರು.

"ಹೋಗ್ಲಿ ಬಿಡ್ರಿ ಮಾಮಾ," ಎಂದ ಮಲ್ಲಪ್ಪ. "ನನ್ನ ಬಲ್ಯಾಗಿಂದು ಒಂದು ರೋಹು ಒಯ್ರಿ. ನೀವೇ ಹಿಡಿದೀನಿ ಅನ್ರಿ. ಯಾರಿಗಿ ಗೊತ್ತಾಗ್ತದ?"

"ಈ ವಯಸ್ಸಿನಾಗ ನನಗ ಟಿಕೇಟಿಲ್ಲದ ಪ್ರಯಾಣ ಮಾಡಸ್ತಿ ಏನೋ?" ಎಂದರು ಇವರು.

ಮದುವೆಯಾಗಿ ಇಷ್ಟು ದಿನವಾದ ಮೇಲೆ ಗಂಡನ ಮೇಲೆ ಹಾಗೆ ಹಠಾತ್ತನೆ ಪ್ರೀತಿ ಉಕ್ಕಬಾರದು, ಅದೂ ದೋಣಿಯಲ್ಲಿ. ಅದನ್ನು ಮುಚ್ಚಿಕೊಳ್ಳಲು ನಾನು ಗದರಿಸಿದೆ. "ಎರಡೂ ಕಟ್ರಿ ಮತ್ತ! ಕೋಲಿನಿಂದ ತಟ್ಟಿತನಕ ಸಣ್ಣದು ಇರ್ಲಿ. ತಟ್ಟಿ ಹಿಂದ ಗಾಳಕ್ಕ ಒಂದು ಮಾರು ದಪ್ಪಂದು ಹಾಕ್ರಿ. ಹಿಗ್ಗೂದು ತಟ್ಟಿಗಿ ಬ್ಯಾಡ, ಮೀನಿಗಿ ಬೇಕು." ಅವರು ನನ್ನನ್ನೇ ನೋಡಿದರು. ಆಮೇಲೆ ಗಂಟು ಹಾಕಿ ಮತ್ತೆ ಗಾಳ ಬಿಟ್ಟರು.

"ಜರಾ ಹಿಡಿ, ಒಂದು ರೊಟ್ಟಿ ತಿಂತೀನಿ" ಎಂದು ಅವರು ಕೋಲನ್ನು ನನ್ನ ಕೈಗೆ ಕೊಟ್ಟಾಗಲೇ ಆ ಎಳೆತ ಬಂದದ್ದು. ಕೆಳಗಿನಿಂದ ಯಾರೋ ನನ್ನ ಸೆರಗು ಹಿಡಿದು ಜಗ್ಗಿದ ಹಾಗೆ. ನಾನು ಕಿರುಚಿದೆ. "ಹೋಲ್ಡಾನ್! ಹೋಲ್ಡಾನ್!" ಎಂದು ಇವರು ಬಾಯ್ತುಂಬ ರೊಟ್ಟಿ ಇಟ್ಟುಕೊಂಡು ಕೂಗಿದರು. ಮಲ್ಲಪ್ಪ ಮೋಟಾರು ನಿಲ್ಲಿಸಿದ. ನಾನು ದೇವರನ್ನೂ ಮೀನನ್ನೂ ಒಟ್ಟಿಗೆ ಬೈಯುತ್ತ ದಾರ ಸುತ್ತಿದೆ. ಮೀನು ಒದ್ದಾಡಿದಾಗಲೆಲ್ಲ ಹಿಂದಿನ ಆ ಮಾರುದ್ದ ನೈಲಾನು ಹಿಗ್ಗಿ ತಾಳಿಕೊಂಡಿತು. ಉದ್ದ ಮೀಸೆ, ಅಗಲ ಬಾಯಿಯ ಬಾಳೆ ಮೀನು ದೋಣಿಯೊಳಗೆ ಬಿದ್ದಾಗ ನಾನೂ ಅದರ ಪಕ್ಕದಲ್ಲೇ ಕುಸಿದೆ.

ಸಂಜೆ ಬೀಗರು ಸಾರಿನ ರುಚಿ ಹೊಗಳಿ, "ಭಾರಿ ಮೀನ ಹಿಡಿದೀರಿ ಬಿಡ್ರಿ" ಎಂದರು. ನಮ್ಮವರು ತಲೆ ಎತ್ತದೆ, "ಹಿಡಿದಾಕಿ ಇಕಿರಿ. ನಾ ಬರೇ ರೈಟ್ ಅಂದೀನಿ" ಎಂದು ಇನ್ನೊಂದು ತುಂಡು ಬಡಿಸಿಕೊಂಡರು. ಬೀಗಿತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೊನ್ನೆ ಹೊಸ ಸೀರೆಗೆ ಫಾಲ್ ಹೊಲಿಯಲು ದಾರ ಬೇಕೆಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬಣ್ಣ ಕೂಡಿಸಿ ಉಂಡೆ ಕೊಟ್ಟರು. ನಾನು ಎಳೆಯನ್ನು ಎರಡೂ ಮುಷ್ಟಿಗೆ ಸುತ್ತಿಕೊಂಡು ಜಗ್ಗಿದೆ. ಕಿವಿಯ ಹತ್ತಿರ ಹಿಡಿದು ಮೀಟಿದೆ. ಅದು ಪಟ್ಟನೆ ಹರಿಯಿತು.

"ಟೀಚರ್, ದಾರ ಯಾತಕ್ಕ ಬೇಕ್ರಿ?" ಎಂದರು ಅವರು ಗಾಬರಿಯಿಂದ.

"ಹಿಗ್ಗೂದು ಅದ ಏನ್ರಿ?" ಎಂದೆ. ಸೀರೆ ಇನ್ನೂ ಫಾಲ್ ಇಲ್ಲದೆ ಕಪಾಟಿನಲ್ಲಿದೆ.